ಚೀನಾದವರೆಗೆ ಹೋದ ಒಂದು ತುಂಡು ಟೇಪು

ನಾನು ಚೀನಾಕ್ಕೆ ಹೋಗಿ ಬಂದವನೆಂದು ಗೊತ್ತಾದ ಮೇಲೆ ನನ್ನ ಸ್ಟುಡಿಯೋಕ್ಕೆ ಬರುವವರು ಎರಡು ಪ್ರಶ್ನೆ ಕೇಳುತ್ತಾರೆ. ಅಲ್ಲಿಯವರು ಹಾವು ತಿನ್ನುವುದು ಖರೆಯೇ ಎಂಬುದು ಮೊದಲನೆಯದು. ನಾನು ಕಂಡಿಲ್ಲ ಎನ್ನುತ್ತೇನೆ. ಗಾಜಿನ ಕಪಾಟಿನಲ್ಲಿರುವ ಆ ಸಣ್ಣ ಕ್ಯಾಮೆರಾ ನಿಮಗೆ ಹೇಗೆ ಸಿಕ್ಕಿತು ಎಂಬುದು ಎರಡನೆಯದು. ಇಷ್ಟು ವರ್ಷ 'ಸಾಹುಕಾರರು ಕೊಟ್ಟರು' ಎಂದಷ್ಟೇ ಹೇಳಿಕೊಂಡು ಬಂದೆ. ಅದು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದ್ದು ಸರಿಯಲ್ಲ. ಕಂಡದ್ದನ್ನು ಕಂಡ ಕ್ರಮದಲ್ಲಿ ಇಲ್ಲಿ ಬರೆಯುತ್ತೇನೆ.

ಬ್ರೂಸ್‌ಪೇಟೆ

ಅದು ಬಳ್ಳಾರಿಯಲ್ಲಿ ಅದಿರಿನ ಕಾಲ. ಹೊಸಪೇಟೆ ರಸ್ತೆಯಲ್ಲಿ ಲಾರಿಗಳ ಸಾಲು ಮುಗಿಯುತ್ತಿರಲಿಲ್ಲ. ಬೇವಿನ ಎಲೆ ಕೆಂಪು, ಎಮ್ಮೆಯ ಬೆನ್ನು ಕೆಂಪು, ಒಣಹಾಕಿದ ಬಿಳಿ ಅಂಗಿ ಸಂಜೆಗೆ ಕೆಂಪು. ಆ ಧೂಳು ಕ್ಯಾಮೆರಾದೊಳಗೂ ಹೋಗುತ್ತಿತ್ತು. ಹಾಗಾಗಿ ಗಣಿಯ ಕಡೆ ಕೆಲಸಕ್ಕೆ ಹೋಗುವ ನಮ್ಮೂರ ಫೋಟೋಗ್ರಾಫರುಗಳಿಗೆ ಒಂದು ರೂಢಿ ಬಿದ್ದಿತ್ತು. ಕರೆಂಟಿನವರು ಬಳಸುವ ಕಪ್ಪು ಟೇಪನ್ನು ಸಣ್ಣಗೆ ಸೀಳಿ ಲೆನ್ಸಿನ ಸಂದುಗಳ ಮೇಲೆ ಸುತ್ತುವುದು. ಕೊನೆಯನ್ನು ಉಗುರಿನಷ್ಟು ಮಡಚಿ ಬಿಡುವುದು. ಆ ಮಡಿಕೆಗೆ ಕಿವಿ ಎನ್ನುತ್ತಿದ್ದೆವು. ಕೆಲಸ ಮುಗಿದ ಮೇಲೆ ಕಿವಿ ಹಿಡಿದು ಎಳೆದರೆ ಟೇಪು ಒಂದೇ ಸಲಕ್ಕೆ ಬಿಚ್ಚಿ ಬರಬೇಕು. ಇದನ್ನು ನಮಗೆ ಕಲಿಸಿದವರು ಬ್ರೂಸ್‌ಪೇಟೆಯ ನಮ್ಮ ಗುರುಗಳು. ನಮಗೆ ಎಂದರೆ ನನಗೆ ಮತ್ತು ಮೆಹಬೂಬನಿಗೆ.

ನಾನು ಕುರುಗೋಡಿನವನು, ಅವನು ಸಿರುಗುಪ್ಪದವನು. ಒಂದೇ ವರ್ಷ ಆ ಸ್ಟುಡಿಯೋದ ಮೆಟ್ಟಿಲು ಹತ್ತಿದೆವು. ಕಲಿತದ್ದು ಒಂದೇ. ಆದರೆ ಒಂದೇ ಮದುವೆಯಲ್ಲಿ, ಒಂದೇ ಬೆಳಕಿನಲ್ಲಿ ಇಬ್ಬರೂ ತೆಗೆದ ಫೋಟೋಗಳನ್ನು ಮೇಜಿನ ಮೇಲೆ ಹರಡಿದರೆ ಮನೆಯವರ ಕೈ ಅವನ ಫೋಟೋಗಳ ಕಡೆಗೇ ಹೋಗುತ್ತಿತ್ತು. ಹೀಗೆ ಎಷ್ಟು ಸಲ ಆಯಿತೆಂದು ನಾನು ಮರೆಯಲು ನೋಡಿದ್ದೇನೆ. ಮರೆತಿಲ್ಲ.

ಗಾಂಧಿನಗರದ ಒಬ್ಬ ಅದಿರು ಸಾಹುಕಾರರು ಚೀನಾದ ಖರೀದಿದಾರರ ಜೊತೆ ಕರಾರಿಗೆ ಸಹಿ ಹಾಕಲು ಸಂಸಾರ ಸಮೇತ ಹೊರಟಾಗ ನಮ್ಮಿಬ್ಬರನ್ನೂ ಕರೆಸಿದರು. ಒಬ್ಬನ ಫೋಟೋ ಕೆಟ್ಟರೆ ಇನ್ನೊಬ್ಬನದು ಇರಲಿ ಎಂಬ ಲೆಕ್ಕ. ಅವರ ಭಾವಮೈದ ಪರದೇಶದಿಂದ ತಂದು, ಡಿಜಿಟಲ್‌ನಂತೆ ಹಿಂಬದಿಯಲ್ಲಿ ಚಿತ್ರ ಕಾಣುವುದಿಲ್ಲವೆಂದು ಬೇಜಾರಾಗಿ ಮೂಲೆಗೆ ಹಾಕಿದ್ದ ರೀಲಿನ ಕ್ಯಾಮೆರಾ ಒಂದನ್ನು ಹೊರಗೆ ತೆಗೆದರು.

"ಇಬ್ಬರಾಗ ಯಾರ ಫೋಟೋ ಚಲೋ ಬರ್ತಾವ, ಇದು ಅವರಿಗೆ. ಸದ್ಯಕ್ಕ ಇವನ ಕೈಯಾಗ ಇರಲಿ," ಎಂದು ಮೆಹಬೂಬನ ಕಡೆ ಚಾಚಿದರು.

ನಾನು ಅವರಿಗೆ ಹತ್ತಿರ ಕೂತಿದ್ದೆ. ಕ್ಯಾಮೆರಾ ನನ್ನ ಮುಂದೆ ಹಾದು ಅವನ ಕೈಗೆ ಹೋಯಿತು.

ಅದರ ಲೆನ್ಸು ನಾವಿಬ್ಬರೂ ಕೇಳಿ ಗೊತ್ತಿದ್ದ, ಕಂಡಿರದ ಜಾತಿಯದು. ಒಂದರಲ್ಲೇ ಮೂರು ಲೆನ್ಸು: ಇಪ್ಪತ್ತೆಂಟು, ಮೂವತ್ತೈದು, ಐವತ್ತು ಮಿಲಿಮೀಟರು. ಜೂಮಿನಂತೆ ನಡುವೆ ಎಲ್ಲೆಂದರಲ್ಲಿ ನಿಲ್ಲುವಂಥದ್ದಲ್ಲ. ಲೆನ್ಸಿನ ಬಳೆಯ ಮೇಲೆ ಬೆರಳಿಗೆ ಸಿಗುವ ಒಂದು ಸಣ್ಣ ಉಬ್ಬು, ನಮ್ಮ ಮಾತಿನಲ್ಲಿ ಗುಬ್ಬಿ. ಅದನ್ನು ತಳ್ಳಿದರೆ ಮೂರು ಕಡೆ ಮಾತ್ರ ಟಕ್ಕೆಂದು ಕೂರುತ್ತದೆ. ಐವತ್ತು ಕೊನೆಯದು, ಮುಖವನ್ನು ಹತ್ತಿರಕ್ಕೆ ತರುವಂಥದ್ದು. ಕ್ಯಾಮೆರಾವೂ ಬೇರೆ ರೀತಿಯದು. ನನ್ನ ಹಳೆಯ ಕ್ಯಾಮೆರಾದಲ್ಲಿ ಲೆನ್ಸು ಕಂಡದ್ದನ್ನೇ ನಾನೂ ಕಾಣುತ್ತೇನೆ. ಇದರಲ್ಲಿ ನೋಡುವ ಕಿಂಡಿ ಲೆನ್ಸಿನ ಪಕ್ಕಕ್ಕೆ ಬೇರೆಯೇ ಇದೆ. ಕಿಂಡಿಯ ನಡುವೆ ಒಂದು ಹಳದಿ ಚೌಕ. ಅದರಲ್ಲಿ ಎದುರಿನ ಮುಖ ಎರಡಾಗಿ ಕಾಣುತ್ತದೆ. ಲೆನ್ಸು ತಿರುಗಿಸುತ್ತ ಹೋದರೆ ಎರಡೂ ಸೇರಿ ಒಂದಾಗುತ್ತವೆ. ಒಂದಾದರೆ ಫೋಕಸ್ ಕೂತಿತೆಂದು ಅರ್ಥ. ಒಳಗೆ ಏನಾದರೂ ತಪ್ಪಿದ್ದರೆ ಕಣ್ಣಿಗೆ ಒಂದಾಗಿ ಕಂಡದ್ದು ರೀಲಿನ ಮೇಲೆ ಮಸುಕಾಗಿ ಬೀಳುತ್ತದೆ. ರೀಲು ತೊಳೆಯುವ ತನಕ ಯಾರಿಗೂ ತಿಳಿಯುವುದಿಲ್ಲ.

ಹೊರಡುವ ಮುಂಚೆ ಸಾಹುಕಾರರ ಗಣಿಯಲ್ಲಿ ಒಂದು ದಿನದ ಕೆಲಸವಿತ್ತು. ಮೆಹಬೂಬ್ ಟೇಪು, ಬ್ಲೇಡು ತಂದು ನನ್ನ ಮುಂದಿಟ್ಟ.

"ನೀನಽ ಸುತ್ತಲೇ ಚನ್ನ. ನಿನ್ನ ಕೈ ನಡುಗಂಗಿಲ್ಲ."

ನಾನು ಸುತ್ತಿದೆ. ಬೇಕಾದುದಕ್ಕಿಂತ ಹೆಚ್ಚು ಹೊತ್ತು ಸುತ್ತಿದೆ. ಆ ಲೆನ್ಸು ನನ್ನ ಅಂಗೈಯಲ್ಲಿ ಇರಲೆಂದು. ಕೊನೆಗೆ ರೂಢಿಯ ಪ್ರಕಾರ ಕಿವಿ ಮಡಚಿ ಒತ್ತಿದೆ. ಗಣಿಯಲ್ಲಿ ಇಡೀ ಗುಡ್ಡ ಹಿಡಿಯಬೇಕಿತ್ತು, ಇಪ್ಪತ್ತೆಂಟು ಬಿಟ್ಟು ಬೇರೆ ಬೇಕಾಗಲಿಲ್ಲ. ಬಂದ ಮೇಲೆ ಟೇಪು ಬಿಚ್ಚಲಿಲ್ಲ. "ಅಲ್ಲಿ ಬಂದರದಾಗೂ ಇದಽ ಮಣ್ಣು. ಇರಲಿ ಬಿಡು," ಎಂದ ಮೆಹಬೂಬ್.

ಚಿಂಗ್‌ಡಾವ್, ಭಾನುವಾರ

ಚೀನಾದ ನೆಲದ ಮೇಲೆ ನನ್ನ ಮೊದಲ ತೊಂದರೆ ಶೇಂಗಾ ಚಟ್ನಿಪುಡಿಯಿಂದ ಬಂತು. ಚಿಂಗ್‌ಡಾವ್ ನಮ್ಮ ಅದಿರು ಹೋಗಿ ಇಳಿಯುವ ಬಂದರಿನ ಊರು. ಅಲ್ಲಿನ ವಿಮಾನ ನಿಲ್ದಾಣದ ಅಧಿಕಾರಿ ನನ್ನ ಚೀಲದಿಂದ ಖಡಕ್ ರೊಟ್ಟಿಯ ಗಂಟು ತೆಗೆದು ಬಡಿದು ನೋಡಿದ. ಆಮೇಲೆ ಡಬ್ಬಿ ಬಿಚ್ಚಿ ಕೆಂಪು ಪುಡಿಯನ್ನು ಕಂಡು ಇನ್ನಿಬ್ಬರನ್ನು ಕರೆದ. ನಾನು ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನು ಮೂಸಿದ, ಆರು ಸಲ ಸೀನಿದ. ಮೆಹಬೂಬ್ ಹಿಂದಿನಿಂದ, "ಅದಿರು ಅಂತ ತಿಳಿದಾರಲೇ, ರೇಟು ಹೇಳು," ಎಂದ. ಸಾಹುಕಾರರ ಹೆಂಡತಿ ಸೆರಗು ಬಾಯಿಗೆ ಹಿಡಿದು ನಕ್ಕರು. ನನ್ನ ಡಬ್ಬಿಯಿಂದಲೂ ನಗು ಅವನಿಗೇ ಸಿಕ್ಕಿತು.

ಅಲ್ಲಿ ಕುಡಿಯಲು ಬಿಸಿನೀರು ಕೊಡುತ್ತಾರೆ. ಹೋಟೆಲು, ಕಚೇರಿ, ರೈಲು ನಿಲ್ದಾಣ ಎಲ್ಲ ಕಡೆ ಬಿಸಿನೀರಿನ ನಲ್ಲಿ. ಜನ ಬಗಲಲ್ಲಿ ಗಾಜಿನ ಬಾಟಲಿ ಇಟ್ಟುಕೊಂಡು, ತಳದಲ್ಲಿ ಚಹದ ಎಲೆ ಹಾಕಿ, ದಿನವೆಲ್ಲ ಅದಕ್ಕೇ ನೀರು ಹೊಯ್ದುಕೊಳ್ಳುತ್ತಾರೆ. ಬಳ್ಳಾರಿಯ ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ತಣ್ಣೀರಿಗೆ ಹಾತೊರೆದು ಬೆಳೆದ ನನಗೆ ಮೊದಲ ಗುಟುಕು ಜ್ವರದ ದಿನಗಳನ್ನು ನೆನಪಿಸಿತು. ಸಮುದ್ರದ ಕಡೆ ಚೌಕದಲ್ಲಿ ಅಜ್ಜಿಯರು ಸಾಲಾಗಿ ನಿಂತು ಟೇಪ್‌ರೆಕಾರ್ಡರಿನ ಹಾಡಿಗೆ ಕುಣಿಯುತ್ತಿದ್ದರು. ಯಾರೂ ನಿಂತು ನೋಡುವವರಿಲ್ಲ. ನಮ್ಮಲ್ಲಾಗಿದ್ದರೆ ಕುಣಿಯುವವರಿಗಿಂತ ನೋಡುವವರೇ ಹೆಚ್ಚಿರುತ್ತಿದ್ದರು. ನಾನು ನೋಡುತ್ತ ನಿಂತೆ. ಮೆಹಬೂಬ್ ಅವರ ಸಾಲಿಗೇ ಸೇರಿ ಕೈ ಎತ್ತಿ, ಕುಣಿಯುತ್ತಲೇ ಮೂರು ಫೋಟೋ ತೆಗೆದ. ಒಬ್ಬ ಅಜ್ಜಿ ಅವನ ಮೊಣಕೈ ಹಿಡಿದು ಹೆಜ್ಜೆ ಸರಿಮಾಡಿದಳು.

ಬಂದರು, ಸೋಮವಾರ

ಬೆಳಿಗ್ಗೆ ಬಂದರಿಗೆ ಕರೆದೊಯ್ದರು. ಕಬ್ಬಿಣದ ಗೇಟು ದಾಟಿದೆವು. ಎದುರಿಗೆ ಕೆಂಪು ಗುಡ್ಡಗಳು. ನಮ್ಮ ಮಣ್ಣು. ಅದರ ಬಣ್ಣ ನನಗೆ ಯಾರೂ ಗುರುತು ಹೇಳಬೇಕಾಗಿರಲಿಲ್ಲ. ಆದರೆ ಅಲ್ಲಿ ಆ ಗುಡ್ಡಗಳಿಗೆ ಹಸಿರು ಬಲೆ ಹೊದಿಸಿ, ಉದ್ದನೆಯ ಪೈಪುಗಳಿಂದ ನೀರು ಹಾರಿಸುತ್ತಿದ್ದರು. ರಸ್ತೆ ತೊಳೆದಿದ್ದರು. ಕೆಲಸಗಾರರ ಕೈಗವಸು ಬಿಳಿಯಾಗಿಯೇ ಇತ್ತು. ಸಂಡೂರು ಕಡೆಯ ಮಕ್ಕಳ ಕಣ್ರೆಪ್ಪೆ ಕೆಂಪಾಗಿಸಿದ ಮಣ್ಣು ಇಲ್ಲಿ ನೀರು ಕುಡಿದು ತೆಪ್ಪಗೆ ಮಲಗಿತ್ತು. ನನಗೆ ಈ ಊರಿನ ಮೇಲೂ ಹೊಟ್ಟೆ ಉರಿಯಿತು.

ಮಧ್ಯಾಹ್ನ ಹೋಟೆಲಿನ ಪಕ್ಕದ ಅಂಗಡಿಯಲ್ಲಿ ಮೊದಲ ರೀಲುಗಳನ್ನು ತೊಳೆಸಿದೆವು. ನನ್ನವು ಎಂದಿನಂತೆ ಇದ್ದವು: ಚೊಕ್ಕ, ನೇರ. ಮೆಹಬೂಬ್ ಪ್ರಿಂಟುಗಳನ್ನು ಒಂದೊಂದಾಗಿ ತಿರುವುತ್ತ ಹೋಗಿ ನಿಂತ. ಅಜ್ಜಿಯರ ಸಾಲು ಚೆನ್ನಾಗಿ ಬಂದಿತ್ತು. ಸಾಹುಕಾರರ ಮುಖ ಮಸುಕು. ಅವರ ಹೆಂಡತಿಯ ಮುಖ ಮಸುಕು. ಹತ್ತಿರದಿಂದ ಐವತ್ತರಲ್ಲಿ ತೆಗೆದದ್ದೆಲ್ಲ ಮಸುಕು.

ಅವನಿಗೆ ಮುಖದ ಮೇಲೆ ಬೆವರು ಬಂತು. ನನಗೆ ಎದೆಯಲ್ಲಿ ಒಂದು ಸುಖ ಎದ್ದಿತು. ಅದಕ್ಕೆ ಬೇರೆ ಹೆಸರಿಲ್ಲ.

"ಕಿಂಡ್ಯಾಗ ಎರಡೂ ಒಂದಽ ಆಗಿದ್ವಲೇ ಚನ್ನ. ನಾನು ನೋಡೀನಿ," ಎಂದ. ಪ್ರಿಂಟನ್ನು ಕಣ್ಣಿನ ಹತ್ತಿರ ತಂದು, "ನನ್ನ ಕಣ್ಣಽ ಹೋಗಾಕ ಹತ್ಯಾವೇನು? ನಮ್ಮಪ್ಪಗ ಈ ವಯಸ್ಸಿಗೇ ಪೊರೆ ಬಂದಿತ್ತು," ಎಂದ.

ಸಂಜೆ ಹೋಟೆಲಿನ ಕಾರಿಡಾರಿನಲ್ಲಿ ಕಿಟಕಿಯ ಬೆಳಕಿಗೆ ಅವನು ಪರೀಕ್ಷೆ ಶುರುಮಾಡಿದ. ಗುರುಗಳು ಕಲಿಸಿದ ಕ್ರಮ ಬಿಡಲಿಲ್ಲ. ಮೊದಲು ದೂರದ ದೀಪಸ್ತಂಭ: ಲೆನ್ಸು ಕೊನೆಯವರೆಗೆ ತಿರುಗಿಸಿದಾಗ ಚೌಕದಲ್ಲಿ ಸ್ತಂಭ ಒಂದಾಗುತ್ತದೆಯೇ? ಆಯಿತು. ಎಂದರೆ ಕ್ಯಾಮೆರಾದ ಕಿಂಡಿ ಸರಿ ಇದೆ. ಆಮೇಲೆ ಹತ್ತಿರದ್ದು: ದರ್ಜಿಯ ಟೇಪಿನಿಂದ ಒಂದು ಮೀಟರು ಅಳೆದು, ಚೀನೀ ಪೇಪರನ್ನು ಓರೆಯಾಗಿ ಗೋಡೆಗೆ ಆನಿಸಿ, ನಡುವಿನ ಒಂದು ಅಕ್ಷರಕ್ಕೆ ಸುತ್ತು ಹಾಕಿ, ಲೆನ್ಸಿನ ಕಣ್ಣು ಪೂರ್ತಿ ತೆರೆದು ಮೂರು ಅಳತೆಯಲ್ಲೂ ಒಂದೊಂದು ಫೋಟೋ. ರೀಲು ತೊಳೆಸಿ ಭೂತಗನ್ನಡಿ ಹಿಡಿದ. ಇಪ್ಪತ್ತೆಂಟರಲ್ಲಿ ಸುತ್ತು ಹಾಕಿದ ಅಕ್ಷರ ಸ್ಪಷ್ಟ. ಮೂವತ್ತೈದರಲ್ಲೂ ಸ್ಪಷ್ಟ. ಐವತ್ತರಲ್ಲಿ ಆ ಅಕ್ಷರ ಮಸುಕು; ಅದರ ಹಿಂದಿನ ಸಾಲು ಸ್ಪಷ್ಟ.

"ಕಿಂಡಿ ಕೆಟ್ಟಿದ್ರ ಮೂರೂ ಕೆಡಬೇಕು," ಎಂದ ಮೆಹಬೂಬ್. "ಆದ್ರ ಇಪ್ಪತ್ತೆಂಟರಾಗ ಸಣ್ಣ ತಪ್ಪು ಮುಚ್ಚಿ ಹೋಗ್ತದ. ಐವತ್ತರಾಗ ಮುಚ್ಚಂಗಿಲ್ಲ. ಹಂಗಾದ್ರ ತಪ್ಪು ನನ್ನ ಕಣ್ಣಿಂದೂ ಆಗಬಹುದು. ನೀ ಒಮ್ಮೆ ನೋಡು."

ಕ್ಯಾಮೆರಾ ನನ್ನ ಕೈಗೆ ಕೊಟ್ಟು ಮುಖ ತೊಳೆಯಲು ಹೋದ. ನಾನು ಕಿಟಕಿಯ ಬಳಿ ನಿಂತು ಗುಬ್ಬಿಯನ್ನು ತಳ್ಳಿದೆ. ಇಪ್ಪತ್ತೆಂಟು, ಟಕ್. ಮೂವತ್ತೈದು, ಟಕ್. ಐವತ್ತಕ್ಕೆ ಶಬ್ದವಿಲ್ಲ. ಗುಬ್ಬಿ ಏನೋ ಮೆತ್ತನೆಯದಕ್ಕೆ ತಾಗಿ ನಿಂತಿತು. ಬಗ್ಗಿ ನೋಡಿದೆ. ನಾನು ಸುತ್ತಿದ್ದ ಟೇಪಿನ ಕಿವಿ. ಮಡಚಿದ್ದರಿಂದ ದಪ್ಪವಾಗಿ, ಗುಬ್ಬಿ ಬಂದು ಕೂರಬೇಕಾದ ಜಾಗದಲ್ಲೇ ಅಡ್ಡ ನಿಂತಿತ್ತು. ಐವತ್ತರ ಗೆರೆ ಬಿಳಿ ಚುಕ್ಕೆಗೆ ಒಂದು ಕೂದಲೆಳೆ ಮುಂಚೆ ನಿಂತಿತ್ತು. ಮೂವತ್ತೈದೂ ಅಲ್ಲದ, ಐವತ್ತೂ ಆಗದ ನಡುವೆ ಲೆನ್ಸು ಸಿಕ್ಕಿಕೊಂಡಿತ್ತು. ಗುಬ್ಬಿಯೇ ಇಲ್ಲದ ಲೆನ್ಸುಗಳಿಗೆ ಟೇಪು ಸುತ್ತಿ ರೂಢಿಯಾದ ಕೈ ಇಲ್ಲಿ ಗುಬ್ಬಿ ಎಲ್ಲೆಲ್ಲಿ ನಿಲ್ಲುತ್ತದೆಂದು ನೋಡಿರಲಿಲ್ಲ.

ಕಿವಿ ಹಿಡಿದು ಎಳೆದಿದ್ದರೆ ಮುಗಿಯುತ್ತಿತ್ತು. ಹೆಬ್ಬೆರಳು ಅದರ ಮೇಲೇ ಇತ್ತು.

ಮೆಹಬೂಬ್ ಮುಖ ಒರೆಸಿಕೊಳ್ಳುತ್ತ ಬಂದ. "ಏನಂತದ?"

"ನನಗೇನೂ ತಿಳೀವಲ್ದು," ಎಂದೆ.

ಸಹಿ, ಮಂಗಳವಾರ

ಕರಾರಿನ ಕೋಣೆಯಲ್ಲಿ ಉದ್ದ ಮೇಜು, ಎರಡು ಸಣ್ಣ ಬಾವುಟ, ಎಲ್ಲರ ಮುಂದೆ ಮುಚ್ಚಳವಿರುವ ಚಹದ ಬಟ್ಟಲು. ಅಲ್ಲಿಯವರು ಸಹಿ ಹಾಕಿದ ಮೇಲೆ ಸಣ್ಣ ಗ್ಲಾಸು ಎತ್ತಿ ಒಬ್ಬೊಬ್ಬರ ಎದುರೂ ಬಂದು ನಿಲ್ಲುತ್ತಾರೆ. ತಮ್ಮ ಗ್ಲಾಸಿನ ಅಂಚು ಎದುರಿನವರದಕ್ಕಿಂತ ಕೆಳಗಿರಬೇಕು, ಅದು ಮರ್ಯಾದೆ. ಸಾಹುಕಾರರೂ ಬಗ್ಗಿದರು, ಅವರೂ ಬಗ್ಗಿದರು. ಇಬ್ಬರ ಗ್ಲಾಸೂ ಮೇಜಿನ ಮಟ್ಟಕ್ಕೆ ಇಳಿಯಿತು. ಫೋಟೋಕ್ಕೆ ಅದಕ್ಕಿಂತ ಒಳ್ಳೆಯ ಕ್ಷಣ ಇರಲಿಲ್ಲ.

"ಮೆಹಬೂಬಾ, ಹತ್ರ ಬಾ, ಮುಖ ಬರಲಿ ನೋಡು!" ಎಂದರು ಸಾಹುಕಾರರು.

ಅವನು ಹತ್ತಿರ ಹೋದ. ಮೇಜು ಅಡ್ಡ ಬಂತು; ಮುಖ ತುಂಬಲು ಬೇರೆ ದಾರಿಯಿಲ್ಲದೆ ಐವತ್ತಕ್ಕೆ ತಳ್ಳಿದ. ಕಿಂಡಿಗೆ ಕಣ್ಣಿಟ್ಟ, ತೆಗೆದ, ಅಂಗಿಯ ತೋಳಿನಿಂದ ಕಣ್ಣು ಒರೆಸಿದ, ಮತ್ತೆ ಇಟ್ಟ. ನಾನು ಎದುರು ಬದಿಯಿಂದ ನನ್ನ ಹಳೆಯ ಕ್ಯಾಮೆರಾದಲ್ಲಿ ಒಂದರ ಮೇಲೊಂದು ಹೊಡೆಯುತ್ತಿದ್ದೆ. ನನ್ನ ಕೈ ನಡುಗಲಿಲ್ಲ. ಅದನ್ನೂ ಬರೆದಿಡಬೇಕು.

ವಾಪಸು ಬರುವಾಗ ಅವನು ಕನ್ನಡಕದ ಅಂಗಡಿಯ ಮುಂದೆ ನಿಂತ. ಗೋಡೆಗೆ ತೂಗುಹಾಕಿದ ಪರೀಕ್ಷೆಯ ಹಲಗೆಯಲ್ಲಿ ನಮ್ಮ ಕಡೆಯಂತೆ ಅಕ್ಷರಗಳಿರಲಿಲ್ಲ. ನಾಲ್ಕು ದಿಕ್ಕಿಗೂ ತಿರುಗಿದ ಒಂದೇ ಗುರುತು. ಅವನು ಹೊರಗೆ ನಿಂತೇ ಒಂದು ಕಣ್ಣು ಮುಚ್ಚಿ, ಗುರುತು ತೋರುವ ದಿಕ್ಕಿಗೆ ಬೆರಳು ಆಡಿಸಿದ. ಎಡಕ್ಕೆ, ಮೇಲಕ್ಕೆ, ಬಲಕ್ಕೆ.

"ಸರಿ ಅದಾವೇನಲೇ?" ಎಂದು ಕೇಳಿದ.

ಕೊನೆಯ ಸಾಲಿನ ತನಕ ಎಲ್ಲವೂ ಸರಿ ಇದ್ದವು. ನಾನು ಹೌದು ಎಂದೆ. ಅವನು ನಂಬಲಿಲ್ಲ.

ಕ್ಯಾಮೆರಾ ಪೇಟೆ, ಬುಧವಾರ

ಹಿಂದಿ ಕಲಿತಿದ್ದ ನಮ್ಮ ದುಭಾಷಿ ಹುಡುಗಿ ಹಳೆಯ ಕ್ಯಾಮೆರಾಗಳ ಪೇಟೆಗೆ ಕರೆದೊಯ್ದಳು. ಬ್ರೂಸ್‌ಪೇಟೆಯ ಓಣಿಯನ್ನೇ ಎತ್ತಿ ಮೂರು ಅಂತಸ್ತು ಮಾಡಿದಂತೆ. ಎರಡಾಳು ನಿಲ್ಲುವಷ್ಟು ಅಂಗಡಿಗಳು. ರಿಪೇರಿ ಮಾಡುವಾಕೆ ನಲವತ್ತೈದರ ಹೆಂಗಸು. ಒಂದು ಕೈಯಲ್ಲಿ ಸೂರ್ಯಕಾಂತಿ ಬೀಜ ಸುಲಿದು ತಿನ್ನುತ್ತಲೇ ಇನ್ನೊಂದು ಕೈಯಿಂದ ಕ್ಯಾಮೆರಾ ತೆಗೆದುಕೊಂಡಳು. ಮೆಹಬೂಬ್ ಹೇಳತೊಡಗಿದ್ದ ಕತೆಯನ್ನು ಕೇಳಲಿಲ್ಲ. ಕಿಂಡಿಗೆ ಕಣ್ಣು ಇಡಲಿಲ್ಲ. ಕ್ಯಾಮೆರಾವನ್ನು ಕಿವಿಗೆ ಹಿಡಿದು ಗುಬ್ಬಿ ತಳ್ಳಿದಳು. ಟಕ್. ಟಕ್. ಆಮೇಲೆ ಹುಬ್ಬು ಎತ್ತಿದಳು.

ಉಗುರಿನಿಂದ ಟೇಪಿನ ಕಿವಿ ಹಿಡಿದು ಎಳೆದಳು. ಟೇಪು ಒಂದೇ ಸಲಕ್ಕೆ ಬಿಚ್ಚಿ ಬಂತು. ಗುಬ್ಬಿ ತಳ್ಳಿದಳು. ಮೂರನೆಯ ಟಕ್ ಆ ಗದ್ದಲದಲ್ಲೂ ನನಗೆ ಕೇಳಿಸಿತು. ಅವಳು ಟೇಪನ್ನು ಗಾಜಿನ ಮೇಲೆ ಅಂಟಿಸಿ, ಅದರ ಅಂಟಿನಲ್ಲಿ ಕೂತ ಕೆಂಪು ಧೂಳನ್ನು ಬೆರಳಿನಿಂದ ತೋರಿಸಿ ಏನೋ ಕೇಳಿದಳು.

"ಇದನ್ನು ಯಾವ ದೇಶದಲ್ಲಿ ಹೀಗೆ ಕಟ್ಟುತ್ತಾರೆ ಎಂದು ಕೇಳುತ್ತಿದ್ದಾರೆ," ಎಂದಳು ದುಭಾಷಿ.

ಮೆಹಬೂಬ್ ಅಷ್ಟರಲ್ಲಿ ನನ್ನ ಎರಡೂ ಭುಜ ಹಿಡಿದು ಅಲುಗಿಸುತ್ತಿದ್ದ. "ಕಣ್ಣಲ್ಲಲೇ ಚನ್ನ! ಟೇಪು! ನನ್ನ ಕಣ್ಣು ಗಟ್ಟಿ ಅದಾವಲೇ!" ಆ ಹೆಂಗಸು ಹಣ ತೆಗೆದುಕೊಳ್ಳಲಿಲ್ಲ. ಅವನು ಅವಳದೊಂದು ಫೋಟೋ ತೆಗೆದ, ಐವತ್ತರಲ್ಲಿ. ಬೀಜದ ಸಿಪ್ಪೆ ತುಟಿಗೆ ಅಂಟಿದ್ದೂ ಅದರಲ್ಲಿ ಕಾಣುತ್ತದೆ.

ನನಗೆ ಆ ಸಂತೋಷದ ಮೇಲೂ ಅಸೂಯೆಯಾಯಿತು. ಸಹಿಯ ಫೋಟೋಗಳು ಹಾಳಾದವು, ಕ್ಯಾಮೆರಾ ಇನ್ನು ತನ್ನದಾಗುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಆದರೂ ದಾರಿಯುದ್ದಕ್ಕೂ ಒಂದೊಂದು ಕಣ್ಣು ಮುಚ್ಚಿ ಅಂಗಡಿಗಳ ಬೋರ್ಡು ನೋಡುತ್ತ, ಓದಲು ಬಾರದಿದ್ದರೂ ಓದಿದಂತೆ ನಟಿಸುತ್ತ ನಡೆದ.

ಗಾಂಧಿನಗರ

ಬಳ್ಳಾರಿಗೆ ಬಂದ ಮೇಲೆ ಸಾಹುಕಾರರು ಆಲ್ಬಮಿನ ಫೋಟೋಗಳನ್ನು ಮೇಜಿನ ಮೇಲೆ ಹರಡಿಸಿದರು. ಅವರಿಗೆ ಬೇಕಾಗಿದ್ದುದು ಸಹಿ ಮತ್ತು ಗ್ಲಾಸಿನ ಫೋಟೋಗಳು. ಮೊದಲ ಸಲ ಕೈಗಳು ನನ್ನ ಫೋಟೋಗಳ ಕಡೆ ಬಂದವು.

"ಮೆಹಬೂಬಾ, ನೀ ಹಿಂಗ ಮಾಡ್ತಿ ಅನ್ಕೊಂಡಿದ್ದಿಲ್ಲಪ್ಪ," ಎಂದರು ಸಾಹುಕಾರರು.

"ತಪ್ಪಾತ್ರಿ ಸಾಹುಕಾರ್ರ," ಎಂದ ಅವನು. ಟೇಪಿನ ಮಾತು ಎತ್ತಲಿಲ್ಲ. ಎತ್ತಿದ್ದರೆ ಅದನ್ನು ಸುತ್ತಿದವನ ಹೆಸರೂ ಬರುತ್ತಿತ್ತು.

ಕ್ಯಾಮೆರಾ ಈ ಸಲ ಅವನ ಮುಂದೆ ಹಾದು ನನ್ನ ಕೈಗೆ ಬಂತು. ನಾನು ತೆಗೆದುಕೊಂಡೆ.

ಕುರುಗೋಡು

ಅದನ್ನು ಹೆಗಲಿಗೆ ಹಾಕಿಕೊಂಡು ಊರಿಗೆ ಹೋದೆ. ಗುಡ್ಡದ ಬಂಡೆಗಳ ಮೇಲೆ ಒಳ್ಳೆಯ ಬೆಳಕಿತ್ತು. ಅಕ್ಕನನ್ನು ಅಂಗಳದಲ್ಲಿ ಕೂರಿಸಿ ಗುಬ್ಬಿ ತಳ್ಳಿದೆ. ಐವತ್ತು, ಟಕ್. ಆ ಶಬ್ದ ಕೇಳಿ ಲೆನ್ಸು ತಿರುಗಿಸುವ ಕೈ ನಿಂತಿತು. ಚೌಕದಲ್ಲಿ ಅಕ್ಕನ ಮುಖ ಎರಡಾಗಿಯೇ ಉಳಿಯಿತು.

"ಏನಾತೋ ತಮ್ಮಾ? ಆ ಚೀನಾದವ್ರು ಏನು ತಿನಿಸಿ ಕಳಿಸ್ಯಾರ ನಿನಗ?" ಎಂದಳು ಅಕ್ಕ.

ಅದೇ ಮಧ್ಯಾಹ್ನ ಸಿರುಗುಪ್ಪದ ಬಸ್ಸು ಹತ್ತಿದೆ.

ಸಿರುಗುಪ್ಪ

ಅಲ್ಲಿ ಧೂಳಿಲ್ಲ. ಕಾಲುವೆಯ ನೀರು, ಭತ್ತದ ಗದ್ದೆಗಳ ಹಸಿರು. ಮೆಹಬೂಬ್ ತನ್ನ ಅಣ್ಣನ ಮನೆಯ ಮುಂದೆ ಮಂಚದ ಮೇಲೆ ಕೂತಿದ್ದ. ಅವನ ಅತ್ತಿಗೆ ಚಹ ತಂದುಕೊಟ್ಟು ಒಳಗೆ ಹೋದರು.

"ಟೇಪು ಸುತ್ತಿದ್ದು ನಾನು," ಎಂದೆ.

"ಗೊತ್ತಿಲ್ಲೇನಲೇ? ಸುತ್ತು ಅಂದವ ನಾನಽ. ಅದಕ್ಕ ಬಸ್ಸು ಹಿಡಿದು ಬಂದ್ಯೇನು?" ಎಂದು ನಕ್ಕ.

ಅಲ್ಲಿಗೇ ನಿಲ್ಲಿಸಿ, ಚಹ ಕುಡಿದು ಎದ್ದು ಬರಬಹುದಿತ್ತು. ಬಟ್ಟಲು ಕೆಳಗಿಟ್ಟೆ.

"ಸೋಮವಾರ ಸಂಜಿ ನೀ ಮುಖ ತೊಳಿಯಾಕ ಹೋದಾಗ ನಾನು ನೋಡಿದೆ. ಕಿವಿ ಗುಬ್ಬಿಗೆ ಅಡ್ಡ ನಿಂತಿತ್ತು. ನೋಡೀನೂ ಹೇಳಲಿಲ್ಲ."

ಅವನ ನಗು ಮುಖದಿಂದ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಬೆರಳು ಮಡಚಿದ. "ಸೋಮವಾರ. ಮಂಗಳವಾರ ಸಹಿ. ಬುಧವಾರ ಆಕಿ ಅಂಗಡಿ," ಎಂದ. ಆಮೇಲೆ, "ಎರಡು ದಿನ ನಾನು ಕುರುಡ ಆಗ್ತೀನಿ ಅನ್ಕೊಂಡಿದ್ದೆ. ನೀ ಬಾಜುಕ ನಿಂತಿದ್ದಿ," ಎಂದ.

ಕ್ಯಾಮೆರಾವನ್ನು ಅವನ ಮುಂದೆ ಇಟ್ಟೆ. "ಇದು ನಿಂದು."

ಅವನು ಅದನ್ನು ಎತ್ತಿಕೊಂಡ. ರೀಲು ಇದೆಯೇ ಎಂದು ನೋಡಿದ. ಒಳಗೆ ಹೋಗಿ ದರ್ಜಿಯ ಟೇಪು ತಂದ. ಅದರ ಒಂದು ತುದಿಯನ್ನು ನನ್ನ ಕಣ್ಣಿನ ಅಂಚಿಗೆ ಹಿಡಿದು, ಇನ್ನೊಂದನ್ನು ಕ್ಯಾಮೆರಾಕ್ಕೆ ಹಿಡಿದು, ಒಂದು ಮೀಟರು ಅಳೆದು ನಿಂತ. ಗುಬ್ಬಿ ತಳ್ಳಿದ. ಟಕ್.

"ಅಲುಗಬ್ಯಾಡ," ಎಂದ. "ಇಲ್ಲೇ ನೋಡು."

ಒಂದೇ ಫೋಟೋ ತೆಗೆದ. ಕ್ಯಾಮೆರಾವನ್ನು ನನ್ನ ಹೆಗಲಿಗೆ ತಾನೇ ಹಾಕಿದ. "ನನಗ ಬ್ಯಾಡ. ಐದೂವರಿಗೆ ಬಳ್ಳಾರಿ ಬಸ್ಸೈತಿ," ಎಂದು ಒಳಗೆ ಹೋದ.

ಅದು ಕಪ್ಪು-ಬಿಳುಪಿನ ರೀಲು; ನಾನೇ ತೊಳೆದು ಪ್ರಿಂಟು ಹಾಕಿದೆ. ಕೆಂಪು ದೀಪದ ಕೆಳಗೆ, ತಟ್ಟೆಯ ನೀರಿನಲ್ಲಿ ಮೊದಲು ಕಣ್ಣುಗಳು ಎದ್ದು ಬಂದವು. ಎಣಿಸಬಹುದಾದಷ್ಟು ರೆಪ್ಪೆಗಳು, ಬಲಗಣ್ಣಿನ ಪಕ್ಕದ ಸುಕ್ಕು, ಕೆಳತುಟಿ ಕಚ್ಚಿಕೊಂಡ ರೀತಿ. ನಾನು ಇಷ್ಟು ಹೊತ್ತು ಬರೆದದ್ದೆಲ್ಲ ಆ ಮುಖದ ಮೇಲಿದೆ; ಫೋಕಸ್ ಎಲ್ಲೂ ತಪ್ಪಿಲ್ಲ. ಅದನ್ನು ಗೋಡೆಗೆ ಹಾಕಿಲ್ಲ. ಕಪಾಟಿನಲ್ಲಿ, ಕ್ಯಾಮೆರಾದ ಅಡಿಗೆ ಇಟ್ಟಿದ್ದೇನೆ. ಆ ದಿನ ಒದ್ದೆ ಪ್ರಿಂಟನ್ನು ಬೆಳಕಿಗೆ ಹಿಡಿದಾಗ ನಾಚಿಕೆಗೆ ಮುಂಚೆ ನನ್ನ ತಲೆಗೆ ಬಂದದ್ದು ಬೇರೆ: ಇದೇ ಲೆನ್ಸು, ಇದೇ ಬೆಳಕು ನನ್ನ ಕೈಯಲ್ಲಿದ್ದರೂ ಇಂಥ ಫೋಟೋ ನನಗೆ ಬರುತ್ತಿರಲಿಲ್ಲ.